ಗಟ್ಟಿ ದನಿಯ ಪರೀಕ್ಷೆ

"ಗುರುಗಳೇ, ಈ ಕೋಣೆಯ ಕೀಲಿಯನ್ನು ನನ್ನ ಕೈಗೆ ಕೊಡಲು ಇನ್ನೇನು ಬಾಕಿ?"

ಹೀಗೆ ಕೇಳಿದವನು ನಾನೇ. ನೀವು ನಂಬುವುದಿಲ್ಲ, ಗೊತ್ತು. ನಂಬದಿದ್ದರೆ ಬಂದು ನೋಡಿ. ನಮ್ಮ ವಿಶ್ವವಿದ್ಯಾಲಯದ ವೀಡಿಯೊ ಕಾನ್ಫರೆನ್ಸ್ ಕೋಣೆಯನ್ನು ಒಂಬತ್ತೇ ದಿನದಲ್ಲಿ ಒಬ್ಬನೇ ಸಜ್ಜು ಮಾಡಿದ ಭೀಮಾಶಂಕರ ನಾನು. ಪರದೆ, ಕ್ಯಾಮೆರಾ, ಮೈಕು, ಗೋಡೆಯೊಳಗಿನ ತಂತಿ, ಎಲ್ಲ ಈ ಕೈಯದೇ ಕೆಲಸ. ನನ್ನ ದನಿಯೂ ಸಾಮಾನ್ಯದ್ದಲ್ಲ. ನಮ್ಮೂರ ಕೆರೆಯ ಏರಿಯ ಮೇಲೆ ನಿಂತು ಕೂಗಿದರೆ ಆಚೆ ದಡದ ಎಮ್ಮೆ ತಲೆ ಎತ್ತಬೇಕು.

ನನಗೆ ಈ ವಿದ್ಯೆ ಕಲಿಸಿದವರು ರುದ್ರಮುನಿ ಗುರುಗಳು. ಇದೇ ತಾಂತ್ರಿಕ ವಿಭಾಗದಲ್ಲಿ ದುಡಿದು ಕೂದಲು ಬೆಳ್ಳಗಾದವರು. ಅವರ ದನಿ ಎಷ್ಟು ಸಣ್ಣದೆಂದರೆ, ಎದುರು ಕೂತವನೂ ಬಗ್ಗಿ ಕೇಳಬೇಕು.

ಮಾರನೆಯ ದಿನ ಆ ಕೋಣೆಯಲ್ಲಿ ಮೊದಲ ಪಿಎಚ್.ಡಿ. ಮೌಖಿಕ ಪರೀಕ್ಷೆಯಿತ್ತು. ವಿದ್ಯಾರ್ಥಿ ಇಲ್ಲಿ, ಪರೀಕ್ಷಕರು ಪರದೇಶದಲ್ಲಿ. ಅದನ್ನು ನಾನೊಬ್ಬನೇ ನಡೆಸಬೇಕೆಂಬ ಹಟ ನನ್ನದು. ಗುರುಗಳ ಮುಂದೆಯೇ ಮೈಕು ಹಿಡಿದು ಮೂರು ಸಲ 'ಹಲೋ' ಎಂದೆ. ಕಿಟಕಿಯ ಗಾಜು ಅದುರಿತು. ಆಮೇಲೆ ಕೀಲಿ ಕೇಳಿದೆ.

"ಕೀಲಿ ಇರಲಿ. ಕೂತುಕೋ," ಎಂದರು ಗುರುಗಳು. ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ತಂತ್ರಜ್ಞನಿದ್ದ. ಕೆಲಸದಲ್ಲಿ ಜಾಣ. ಒಂದು ಮೌಖಿಕ ಪರೀಕ್ಷೆಗೆ ಅವನು ಕೋಣೆ ಸಜ್ಜು ಮಾಡಿದ. ಫ್ಯಾನಿನ ಸದ್ದು ಪರದೇಶದ ಪರೀಕ್ಷಕರಿಗೆ ಕೇಳಿಸದಿರಲೆಂದು, ಸಣ್ಣ ಸದ್ದನ್ನೆಲ್ಲ ತಡೆಯುವಂತೆ ಮೈಕನ್ನು ಹೊಂದಿಸಿದ. ತಾನೇ ಮಾತಾಡಿ ಪರೀಕ್ಷಿಸಿದ. ಆಚೆಯವರು ಸ್ಪಷ್ಟವಾಗಿ ಕೇಳಿಸಿತೆಂದರು. 'ಎಲ್ಲ ಸರಿಯಿದೆ' ಎಂದು ಕಾಗದಕ್ಕೆ ಸಹಿ ಹಾಕಿದ.

ಪರೀಕ್ಷೆಗೆ ಬಂದವಳು ಒಬ್ಬ ವಿದ್ಯಾರ್ಥಿನಿ. ಆರು ವರ್ಷ ಓದಿದ್ದಳು. ಹಿರಿಯರ ಮುಂದೆ ದನಿ ಎತ್ತಬಾರದೆಂದು ಕಲಿತು ಬೆಳೆದವಳು. ಅವಳು ಕೇಳಿದಳು:

"ಅಣ್ಣಾ, ನಾನೂ ಒಮ್ಮೆ ಮಾತಾಡಿ ನೋಡಲೇ?"

"ಯಾಕಮ್ಮಾ? ನನ್ನ ದನಿ ಸಮುದ್ರ ದಾಟಿದೆ. ನಿನ್ನದು ದಾಟದೇ?"

ಹೀಗೆಂದು ಅವನು ಕ್ಯಾಂಟೀನಿಗೆ ಹೋದ. ಅಲ್ಲಿ ನಾಲ್ಕು ಜನರಿಗೆ ತನ್ನ ಪರದೆಯ ಅಗಲ ಹೇಳುತ್ತ ಕೂತ.

ಪರೀಕ್ಷೆ ನಡೆಯಿತು. ಪ್ರಶ್ನೆಗಳು ಅವಳಿಗೆ ಚೆನ್ನಾಗಿ ಕೇಳಿಸಿದವು. ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು. ಮಾತು ಮುಗಿಯುವ ಹೊತ್ತಿಗೆ ಅವಳ ದನಿ ತಗ್ಗುತ್ತಿತ್ತು. ತಗ್ಗಿದ್ದನ್ನೆಲ್ಲ ಮೈಕು ತಡೆಯಿತು. ಪರೀಕ್ಷಕರಿಗೆ ಪ್ರತಿ ಉತ್ತರದ ಮೊದಲರ್ಧವಷ್ಟೇ ತಲುಪಿತು. ಈಕೆ ಶುರು ಮಾಡುತ್ತಾಳೆ, ಮುಗಿಸಲು ಗೊತ್ತಿಲ್ಲ ಎಂದು ಅವರು ತಿಳಿದರು. ಮರುಪರೀಕ್ಷೆಗೆ ಬರಲಿ ಎಂದು ಬರೆದರು.

ಒಂದು ವಾರದ ಮೇಲೆ ಆಚೆ ಕಡೆಯ ಧ್ವನಿಮುದ್ರಣ ಬಂದಿತು. ತಂತ್ರಜ್ಞ ಅದನ್ನು ಕೇಳಿದ. ಅವನ 'ಹಲೋ' ಗಂಟೆಯ ಹಾಗಿತ್ತು. ಅವಳ ಒಂದು ಉತ್ತರವೂ ಪೂರ್ತಿ ಇರಲಿಲ್ಲ. ಅವನು ಅದನ್ನು ಹಿಡಿದು ಮೇಲಿನವರ ಬಳಿಗೆ ಓಡಿದ. ಅವರು ಅವನ ಸಹಿಯನ್ನೇ ತೋರಿಸಿದರು. ಅವಳ ಮನೆಗೆ ಹೋದ. ಅವಳು ಅಷ್ಟರಲ್ಲಿ ಪುಸ್ತಕಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಿದ್ದಳು. ಮರುಪರೀಕ್ಷೆಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ.

"ಎಂಥ ದಡ್ಡ ಅವನು, ಗುರುಗಳೇ! ಪರೀಕ್ಷೆಗೆ ಕೂರುವವಳನ್ನು ಬಿಟ್ಟು ತಾನೇ ಕೂಗಿ ನೋಡಿದನಲ್ಲ! ಈಗೆಲ್ಲಿದ್ದಾನೆ?"

ಗುರುಗಳು ಏನೋ ಅಂದರು. ನನಗೆ ಕೇಳಿಸಲಿಲ್ಲ. ಬಗ್ಗಿದೆ. ಅವರು ಅದನ್ನೇ ಮತ್ತೆ ಅಂದರು:

"ಅವನು ಆಮೇಲೆ ಎಂದೂ ಗಟ್ಟಿಯಾಗಿ ಮಾತಾಡಲಿಲ್ಲ, ಭೀಮಾ."

ನಾನು ಹಿಡಿದಿದ್ದ ಮೈಕನ್ನು ಕೆಳಗಿಳಿಸಿದೆ.

ಗುರುಗಳು ನನ್ನ ಕೈಯಿಂದ ಮೈಕನ್ನು ತೆಗೆದುಕೊಂಡು, ನಾಳೆ ವಿದ್ಯಾರ್ಥಿ ಕೂರುವ ಕುರ್ಚಿಯ ಮುಂದೆ ಇಟ್ಟರು. ಕೀಲಿ ಕೊಡಲಿಲ್ಲ. ಒಂದು ಹೆಡ್‌ಫೋನ್ ಕೊಟ್ಟರು.