ಸೂಲಗಿತ್ತಿಯ ಸಾಕ್ಷಿ

"ಗುರುಗಳೇ, ನಾಳೆ ಮತದಾನ. ನಮ್ಮೂರಿಗೆ ಹೋಗಿಬರಲು ಇಡೀ ದಿನ ಬೇಕು. ನನ್ನ ಒಂದು ಮತದಿಂದ ಏನಾದೀತು?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಇದು ವೈರಾಗ್ಯವೋ, ಸೋಮಾರಿತನವೋ? ಇರಲಿ, ಕೂತುಕೋ" ಎಂದು ಒಂದು ಕತೆ ಹೇಳಿದರು.

ಅಮೆರಿಕದ ದಕ್ಷಿಣದ ಒಂದು ಊರಿನಲ್ಲಿ ಕಪ್ಪುಜನರ ಒಬ್ಬ ಸೂಲಗಿತ್ತಿ ಇದ್ದಳು. ಆ ಜನರ ಗುಲಾಮಗಿರಿ ಅಳಿದು ಮೂರು ತಲೆಮಾರು ಕಳೆದಿತ್ತು. ಮತದ ಹಕ್ಕು ಕಾಗದದಲ್ಲಿತ್ತು, ಕೈಗೆ ಬಂದಿರಲಿಲ್ಲ. ಮತದಾರರ ಪಟ್ಟಿಗೆ ಸೇರಬೇಕಾದರೆ, ಆಗಲೇ ಪಟ್ಟಿಯಲ್ಲಿರುವವರೊಬ್ಬರು ಬಂದು "ಇವರನ್ನು ನಾನು ಬಲ್ಲೆ" ಎಂದು ಸಾಕ್ಷಿ ಹೇಳಬೇಕು. ಪಟ್ಟಿಯಲ್ಲಿದ್ದವರೆಲ್ಲ ಬಿಳಿಯರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಗಿತ್ತು.

ಸೂಲಗಿತ್ತಿ ಹನ್ನೊಂದು ವರ್ಷ ಕಚೇರಿಗೆ ಅಲೆದಳು. ಅಲ್ಲಿನ ಬಿಳಿಯ ಗುಮಾಸ್ತ ಪ್ರತಿ ಸಲವೂ ಕೇಳುತ್ತಿದ್ದ: "ನಿನ್ನನ್ನು ಬಲ್ಲವರು ಯಾರಿದ್ದಾರೆ?"

ಅವಳಿಗೆ ಮೈ ಉರಿಯುತ್ತಿತ್ತು. ಆ ಗುಮಾಸ್ತನ ಹೊಕ್ಕುಳಬಳ್ಳಿ ಕತ್ತರಿಸಿದ್ದು ಅವಳೇ. ಒಂದು ದಿನ ನೆಟ್ಟಗೆ ಅವನ ಮನೆಗೆ ನಡೆದಳು. ಕಪ್ಪುಜನರು ಹಿತ್ತಿಲ ಬಾಗಿಲಿಗೆ ಹೋಗುವುದು ಅಲ್ಲಿನ ರೂಢಿ. ಹೆರಿಗೆಯ ದಿನವೂ ಅವಳು ಹಾಗೆಯೇ ಹೋಗಿದ್ದಳು. ಈ ಸಲ ತಲೆಬಾಗಿಲು ತಟ್ಟಿದಳು. ಗುಮಾಸ್ತನ ಮುದಿ ತಾಯಿ ಬಾಗಿಲು ತೆರೆದಳು. ಅವಳ ಹೆಸರು ಪಟ್ಟಿಯಲ್ಲಿತ್ತು.

"ಅಮ್ಮಾ, ನಾನು ಯಾರೆಂದು ನಿಮ್ಮ ಮಗನಿಗೆ ಗೊತ್ತಿಲ್ಲವಂತೆ. ನಿಮಗೆ ಗೊತ್ತಿದೆಯೇ?"

ಮುದುಕಿ ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡಳು. ಸೂಲಗಿತ್ತಿಯ ಜೊತೆ ಕಚೇರಿಗೆ ಹೊರಟಳು. ಕಚೇರಿಯಲ್ಲಿ ಮಗನೆದುರು ಅವಳು ಹೆಚ್ಚು ಮಾತಾಡಲಿಲ್ಲ. "ಇವಳನ್ನು ನಾನು ಬಲ್ಲೆ. ಬರೆದುಕೋ" ಎಂದಳು, ಅಷ್ಟೆ. ಮಗ ಸೂಲಗಿತ್ತಿಯ ಹೆಸರನ್ನು ಪಟ್ಟಿಗೆ ಬರೆದುಕೊಂಡ.

ಮರುದಿನ ಕಚೇರಿ ತೆರೆಯುವಾಗಲೇ ಸೂಲಗಿತ್ತಿ ಮತ್ತೆ ಅಲ್ಲಿ ನಿಂತಿದ್ದಳು, ಜೊತೆಯಲ್ಲಿ ಕಪ್ಪುಜನರ ಒಬ್ಬ ಬಡಗಿ. "ಇವನನ್ನು ನಾನು ಬಲ್ಲೆ. ಹುಟ್ಟಿದ ಗಳಿಗೆಯಿಂದ ಬಲ್ಲೆ" ಎಂದಳು. ಅದರ ಮರುದಿನ ಬಟ್ಟೆ ಒಗೆಯುವವಳೊಬ್ಬಳನ್ನು ಕರೆತಂದಳು. ಊರಿನ ಕಪ್ಪುಜನರಲ್ಲಿ ಅರ್ಧಕ್ಕರ್ಧ ಅವಳ ಕೈಯಲ್ಲೇ ಹುಟ್ಟಿದವರು. ನಿಯಮ ಮಾಡಿದ ಜಾಣರಿಗೆ ಇದು ಹೊಳೆದಿರಲಿಲ್ಲ. ಹೀಗೆ ಅವಳ ಸಾಕ್ಷಿಯಿಂದ ನಲವತ್ತಮೂರು ಹೆಸರು ಪಟ್ಟಿಗೆ ಸೇರಿದವು.

ಚುನಾವಣೆಗೆ ಎಂಟು ದಿನವಿರುವಾಗ ಸೂಲಗಿತ್ತಿ ತೀರಿಕೊಂಡಳು. ಮತದಾನದ ದಿನ ನಲವತ್ತಮೂರು ಜನವೂ ಬಂದು ಸಾಲಿನಲ್ಲಿ ನಿಂತರು. ಮುಂದೆ ಅವರಲ್ಲಿ ಒಬ್ಬೊಬ್ಬರೂ ಪಟ್ಟಿಯಲ್ಲಿಲ್ಲದ ಇನ್ನೊಬ್ಬರಿಗೆ ಸಾಕ್ಷಿಯಾದರು.

ಕತೆ ಮುಗಿಯಿತು. ಶಿಷ್ಯನಿಗೆ ಸಂಕಟವಾಯಿತು. "ಪಾಪ, ಅವಳು ಒಮ್ಮೆಯೂ ಮತ ಹಾಕಲಿಲ್ಲವೇ?" ಎಂದ.

ಗುರುಗಳು ಹೇಳಿದರು: "ಇಲ್ಲ ಮಗು, ಒಂದು ಮತದಿಂದ ಏನಾದೀತು ಎಂದು ನೀನು ಕೇಳಿದೆ, ಅವಳಿಗೆ ಆ ಒಂದೂ ಸಿಗಲಿಲ್ಲ."