ಮಂಡಿಯೂರಿದ ರಾಣಿ

"ಗುರುಗಳೇ, ಆಳುವವನ ಪಕ್ಕದಲ್ಲಿ ನಿಂತು ಒಳ್ಳೆಯ ಮಾತು ಹೇಳುವವನಿಗೂ ಆಳ್ವಿಕೆಯಲ್ಲಿ ಒಂದು ಪಾಲಿದೆ, ಅಲ್ಲವೇ?" ಎಂದು ಅಡವೆಯ್ಯ ಕೇಳಿದ.

ಅಡವೆಯ್ಯ ಮಠದ ಶಿಷ್ಯ. ಸೀಮೆಯ ದೇಸಾಯಿ ಶಿಕ್ಷೆ ಹೇಳುವ ದಿನ ಅವನನ್ನು ವಾಡೆಗೆ ಕರೆಸುತ್ತಿದ್ದ. ಅಡವೆಯ್ಯ ಕೈಮುಗಿದು ಅಪರಾಧಿಗಳ ಪರವಾಗಿ ಕ್ಷಮೆ ಬೇಡುತ್ತಿದ್ದ. ದೇಸಾಯಿ ಕ್ಷಮಿಸುತ್ತಿದ್ದ.

"ನಿನ್ನ ಮಾತನ್ನು ಅವನು ಎಂದಾದರೂ ತೆಗೆದುಹಾಕಿದ್ದುಂಟೇ?"

"ಒಮ್ಮೆಯೂ ಇಲ್ಲ, ಗುರುಗಳೇ."

ಗುರುಗಳು ಒಂದು ಕತೆ ಹೇಳಿದರು. ಸಮುದ್ರದಾಚೆಯ ನಾಡಿನ ಕತೆ ಮಠದೊಳಗಿನ ಗುರುಗಳಿಗೆ ಹೇಗೆ ತಿಳಿಯಿತು ಎಂದು ಯಾರೂ ಕೇಳಲಿಲ್ಲ. ಗುರುಗಳಾದವರಿಗೆ ತಿಳಿದಿರುತ್ತದೆ.

ಇಂಗ್ಲೆಂಡ್ ಎಂಬ ನಾಡಿನಲ್ಲಿ ಬಹಳ ಹಿಂದೆ ಒಬ್ಬ ರಾಜನಿದ್ದ. ಅವನಿಗೊಬ್ಬ ರಾಣಿ. ಅವಳು ಬೇರೆ ದೇಶದ ಹುಡುಗಿ. ಹಡಗಿನಿಂದ ಇಳಿದಾಗ ಆ ನಾಡಿನ ಭಾಷೆಯಲ್ಲಿ ಅವಳಿಗೆ 'ಹೌದು' ಎಂಬ ಮಾತು ಮಾತ್ರ ಬರುತ್ತಿತ್ತು. ರಾಣಿಯಾಗಲು ಅಷ್ಟು ಸಾಕು ಎಂದು ಕಲಿಸಿದವರು ಭಾವಿಸಿದ್ದರು.

ಆ ಅರಮನೆಯಲ್ಲಿ ಒಂದು ಪದ್ಧತಿ ಇತ್ತು. ರಾಜ ಯಾರಿಗಾದರೂ ಮರಣದಂಡನೆ ವಿಧಿಸಿದರೆ ರಾಣಿ ಕೂದಲು ಬಿಚ್ಚಿಕೊಂಡು ಸಭೆಗೆ ಬರುವಳು. ಅವನ ಮುಂದೆ ಮಂಡಿಯೂರಿ, ಕ್ಷಮಿಸಬೇಕು ಎಂದು ಬೇಡುವಳು. ರಾಜ ಮೊದಲು ಮುಖ ತಿರುಗಿಸುವನು. ಆಮೇಲೆ ಹಲ್ಲು ಕಡಿಯುವನು. ಕೊನೆಗೆ ನಿಟ್ಟುಸಿರು ಬಿಟ್ಟು, "ಹೆಂಡತಿ ಕಾಲಿಗೆ ಬಿದ್ದರೆ ಯಾವ ಗಂಡಸು ಇಲ್ಲವೆಂದಾನು?" ಎನ್ನುವನು. ಸಭೆ ಚಪ್ಪಾಳೆ ತಟ್ಟುವುದು. ರಾಜ ಮೆತ್ತಗಾದ ಎಂದು ಸಾಮಂತರು ಆಡಿಕೊಳ್ಳುವಂತಿರಲಿಲ್ಲ. ಅವನು ಸೋತದ್ದು ಹೆಂಡತಿಗೆ. ರಾಣಿ ಆಳಿದಳು ಎಂದೂ ಹೇಳುವಂತಿರಲಿಲ್ಲ; ಅವಳು ಬರೀ ಬೇಡಿದಳು. ಎಲ್ಲರ ಮಾನ ಉಳಿಯುತ್ತಿತ್ತು. ಅಪರಾಧಿಯ ತಲೆಯೂ ಉಳಿಯುತ್ತಿತ್ತು.

ಮೊದಲ ಸಲ ರಾಣಿ ನಿಜವಾಗಿಯೇ ಅತ್ತಳು. ಯಾರೋ ಒಬ್ಬ ಸಾಮಂತನಿಗಾಗಿ. ಅವನ ಹೆಸರು ಕೂಡ ಅವಳ ಬಾಯಲ್ಲಿ ಸರಿಯಾಗಿ ಹೊರಳಿರಲಿಲ್ಲ. ರಾಜ ಅವನನ್ನು ಕ್ಷಮಿಸಿದಾಗ, ತನ್ನ ಕಣ್ಣೀರಿಗೆ ಇಷ್ಟು ಶಕ್ತಿಯಿದೆಯೇ ಎಂದು ಅವಳಿಗೆ ಅಚ್ಚರಿಯಾಯಿತು. ಆ ಅಚ್ಚರಿ ಕೆಲವು ವರ್ಷ ಬಾಳಿತು. ಬೀದಿಯಲ್ಲಿ ಜನ ಅವಳನ್ನು ನಾಡಿನ ತಾಯಿ ಎನ್ನುತ್ತಿದ್ದರು. ಅವಳೂ ಹಾಗೆಯೇ ಅಂದುಕೊಂಡಿದ್ದಳು.

ಒಂದು ದಿನ ಅವಳು ಸಭೆಗೆ ತುಸು ಬೇಗ ಬಂದಳು. ಸಿಂಹಾಸನದ ಮುಂದೆ ರೇಷ್ಮೆಯ ಮೆತ್ತೆ ಆಗಲೇ ಬಿದ್ದಿತ್ತು. ರಾಣಿಯ ಮಂಡಿ ನೋಯಬಾರದೆಂದು ಹಾಕುವ ಮೆತ್ತೆ ಅದು.

"ನಾನು ಬೇಡುತ್ತೇನೆಂದು ನಿನಗೆ ಹೇಗೆ ಗೊತ್ತು?" ಎಂದು ಅರಮನೆಯ ಪಾರುಪತ್ಯಗಾರನನ್ನು ಕೇಳಿದಳು.

"ಚೆನ್ನಾಗಿ ಕೇಳಿದಿರಿ, ಅಮ್ಮಣ್ಣಿ," ಎಂದ ಆ ಮುದುಕ. "ಯಾರನ್ನು ಬಿಡಬೇಕೆಂದು ನಿನ್ನೆಯೇ ತೀರ್ಮಾನವಾಗಿದೆ. ಬಿಡುವ ದಿನ ಮೆತ್ತೆ ಹಾಕುತ್ತೇವೆ. ಬಿಡದ ದಿನ ಹಾಕುವುದಿಲ್ಲ. ಆ ದಿನ ತಮಗೂ ಕರೆ ಬರುವುದಿಲ್ಲವಲ್ಲ?"

ಅಂದೂ ಅವಳು ಅತ್ತಳು. ಅದು ಅಪರಾಧಿಗಾಗಿ ಅಲ್ಲ. ಸಭೆಗೆ ವ್ಯತ್ಯಾಸ ತಿಳಿಯಲಿಲ್ಲ.

ಮುಂದೆ ಕಡಲ ದಡದ ಒಂದು ಪಟ್ಟಣದಲ್ಲಿ ಗಲಾಟೆ ಎದ್ದಿತು. ರಾಜ ಉಣ್ಣೆಯ ಮೇಲೆ ಹೊಸ ಸುಂಕ ಹಾಕಿದ್ದ. ಉಣ್ಣೆಯ ವರ್ತಕರು ಸೇರಿ, ಅರಮನೆಯ ಕಡೆಯವರು ಯಾರೇ ಬರಲಿ, ಕೋಟೆಯ ಬಾಗಿಲು ತೆಗೆಯಬೇಡ ಎಂದು ಬಾಗಿಲು ಕಾಯುವವಳಿಗೆ ಹೇಳಿದರು. ಅವಳೊಬ್ಬ ವಿಧವೆ. ಗಂಡ ಸತ್ತ ಮೇಲೆ ಅವನ ಕೆಲಸ ಅವಳಿಗೆ ಬಂದಿತ್ತು. ಅವಳು ಬಾಗಿಲು ಹಾಕಿದಳು. ಸುಂಕದವರ ಜೊತೆ ರಾಜನೇ ಬಂದ. ಮಳೆ ಸುರಿಯುತ್ತಿತ್ತು. ಈಗ ಏನು ಮಾಡುವುದೆಂದು ವರ್ತಕರು ಒಳಗೆ ಚರ್ಚೆ ಮಾಡಿದರು. ಚರ್ಚೆ ಮುಗಿಯುವವರೆಗೆ ನಾಡಿನ ದೊರೆ ಹೊರಗೆ ನೆನೆದ.

ಬಾಗಿಲು ತೆರೆದದ್ದೇ ವರ್ತಕರನ್ನೂ ವಿಧವೆಯನ್ನೂ ಸೆರೆಹಿಡಿದರು.

ವಿಚಾರಣೆಯ ದಿನ ರಾಜ ಮೊದಲು ವಿಧವೆಯನ್ನು ಕೇಳಿದ. "ಹೊರಗೆ ನಿಂತವನು ದೊರೆ ಎಂದು ನಿನಗೆ ಕಾಣಲಿಲ್ಲವೇ?"

"ಕಂಡಿತು, ಸ್ವಾಮಿ. ಆದರೆ ನೆನೆದ ಮೇಲೆ ದೊರೆಯೂ ಒಂದೇ, ಕುದುರೆ ತೊಳೆಯುವವನೂ ಒಂದೇ. ತೆಗೆ ಅನ್ನಬೇಕಾದವರು ಅನ್ನಲಿಲ್ಲ. ನಾನು ತೆಗೆಯಲಿಲ್ಲ."

ಹಿಂದೆ ಯಾರೋ ನಕ್ಕರು. ಆ ನಗು ಅವಳ ಕುತ್ತಿಗೆಗೆ ಬಂತು. ಎಲ್ಲರಿಗೂ ನೇಣು ಎಂದು ರಾಜ ಹೇಳಿದ.

ಪಾರುಪತ್ಯಗಾರ ರಾಣಿಯ ಕೋಣೆಗೆ ಬಂದ. ದಾಸಿಯರು ಅವಳ ಕೂದಲು ಬಿಚ್ಚುತ್ತಿದ್ದರು.

"ಮೆತ್ತೆ ಹಾಕಿದೆ, ಅಮ್ಮಣ್ಣಿ. ವರ್ತಕರಿಗಾಗಿ. ಅವರು ಬದುಕಿದ್ದರೆ ತಾನೇ ಸುಂಕ ಕಟ್ಟುವುದು?"

"ಬಾಗಿಲು ಕಾಯುವವಳು?"

"ಅವಳಿಗೆ ಇಲ್ಲ. ಒಂದು ಕುತ್ತಿಗೆಯಾದರೂ ಬೀಳದಿದ್ದರೆ ಕ್ಷಮೆಗೆ ಏನು ಬೆಲೆ? ಅಲ್ಲದೆ ದೊರೆಗಳಿಗೆ ನೆಗಡಿ ಇನ್ನೂ ಬಿಟ್ಟಿಲ್ಲ."

"ಬಾಗಿಲು ಹಾಕು ಅಂದವರಿಗೆ ಕ್ಷಮೆ. ಹಾಕಿದವಳಿಗೆ ನೇಣು."

"ತಾವು ಎಷ್ಟು ಬೇಗ ಅರ್ಥಮಾಡಿಕೊಳ್ಳುತ್ತೀರಿ," ಎಂದ ಮುದುಕ. "ಏಳಿ, ಹೊತ್ತಾಯಿತು."

ರಾಣಿ ಎದ್ದಳು. ಸೈನ್ಯ ಅವಳದಲ್ಲ. ಬೊಕ್ಕಸ ಅವಳದಲ್ಲ. ರಾಜಮುದ್ರೆ ಅವಳದಲ್ಲ. ತನ್ನದು ಎನ್ನಲು ಅವಳಿಗೆ ಎರಡು ಮಂಡಿಗಳಿದ್ದವು. ಅವನ್ನೂ ಇಷ್ಟು ವರ್ಷ ಬೇರೆಯವರೇ ಬಳಸಿದ್ದರು.

ಸಭೆಯಲ್ಲಿ ಅವಳು ಮೆತ್ತೆಯ ಮೇಲೆ ಮಂಡಿಯೂರಿ ವರ್ತಕರಿಗಾಗಿ ಬೇಡಿದಳು. ರಾಜ ಮುಖ ತಿರುಗಿಸಿದ, ಹಲ್ಲು ಕಡಿದ, ನಿಟ್ಟುಸಿರು ಬಿಟ್ಟ, ಆಡಬೇಕಾದ ಮಾತು ಆಡಿದ. ಸಭೆ ಚಪ್ಪಾಳೆ ತಟ್ಟಿತು. ಅವಳನ್ನು ಎಬ್ಬಿಸಲು ರಾಜ ಕೈ ಚಾಚಿದ.

ಅವಳು ಕೈ ಹಿಡಿಯಲಿಲ್ಲ. ಮೆತ್ತೆಯಿಂದ ಪಕ್ಕಕ್ಕೆ ಸರಿದು ಬರಿಗಲ್ಲಿನ ಮೇಲೆ ಮಂಡಿಯೂರಿದಳು.

"ಇನ್ನೊಬ್ಬಳು ಉಳಿದಿದ್ದಾಳೆ. ಅವಳನ್ನೂ ಕ್ಷಮಿಸಬೇಕು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ರಾಜ ಮುಖ ತಿರುಗಿಸಿದ. ಈ ಸಲ ಅದು ನಟನೆಯಲ್ಲ. ರಾಣಿ ಮಂಡಿಯೂರಿರುವಾಗ ಸಭೆಯಲ್ಲಿ ಯಾರೂ ಕೂರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಅದೂ ಪದ್ಧತಿಯೇ. ಸಾಮಂತರು ಕಾಲು ಬದಲಿಸುತ್ತ ನಿಂತರು. ಮುದಿ ಬಿಷಪ್ ಕಂಬ ಹುಡುಕಿಕೊಂಡ. ಒಳಗಿನಿಂದ ಹುರಿದ ಮಾಂಸದ ವಾಸನೆ ಬಂತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ರಾಜ ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. "ಏಳೇ. ಊಟ ಆರುತ್ತಿದೆ."

"ಆರಲಿ."

"ಗಂಡನ ಮಾತು ಮೀರುತ್ತೀಯಾ?"

"ಮಂಡಿಯೂರಿದ್ದೇನೆ. ಇದಕ್ಕಿಂತ ತಗ್ಗಲು ನೆಲ ಬಿಡುತ್ತಿಲ್ಲ."

"ನಾನು ಆಗುವುದಿಲ್ಲ ಎಂದರೆ?"

"ಹಾಗಂದು ನೋಡಿ. ಹೆಂಡತಿಗೆ ಇಲ್ಲ ಎನ್ನಲು ತಮಗೂ ಬರುತ್ತದೆ ಎಂದು ಇವರಿಗೆಲ್ಲ ಗೊತ್ತಾಗಲಿ. ನಾಳೆ ತಮಗೆ ಬೇಕಾದವನನ್ನು ಬಿಡಬೇಕಾದಾಗ ಯಾರ ನೆವ ಹೇಳುತ್ತೀರಿ?"

ರಾಜ ಸಾಮಂತರತ್ತ ನೋಡಿದ. ಅವರು ಅವನನ್ನೇ ನೋಡುತ್ತಿದ್ದರು.

"ಇವಳನ್ನು ಬಿಟ್ಟರೆ ಇದೇ ಕೊನೆ," ಎಂದ ಅವನು, ತುಟಿ ಅಲುಗದಂತೆ. "ಇನ್ನು ನಿನ್ನನ್ನು ಈ ಸಭೆಗೆ ಕರೆಯುವುದಿಲ್ಲ. ಬೀದಿಯ ಜನಕ್ಕೆ ನೀನು ತಾಯಿಯಾಗಿ ಉಳಿಯುವುದಿಲ್ಲ. ಯೋಚಿಸು."

ರಾಣಿ ಯೋಚಿಸಿದಳು. ಗೋಡೆಯ ಬದಿಯಲ್ಲಿ ವಿಧವೆ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ, ಕೈಯನ್ನೂ ಮುಗಿದಿರಲಿಲ್ಲ. ತನಗಾಗಿ ಯಾರಾದರೂ ಬೇಡಿಯಾರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಯೋಚಿಸಿದೆ," ಎಂದಳು ರಾಣಿ. ಏಳಲಿಲ್ಲ.

ರಾಜ ನೆಟ್ಟಗೆ ನಿಂತ. ಗಂಟಲು ಸರಿಮಾಡಿಕೊಂಡು, ಹೆಂಡತಿ ಕಾಲಿಗೆ ಬಿದ್ದರೆ ಯಾವ ಗಂಡಸು ಇಲ್ಲವೆಂದಾನು ಎಂದು ಸಭೆಗೆ ಹೇಳಿದ. ಹೇಳುವಾಗ ಒಮ್ಮೆ ಸೀನಿದ. ಚಪ್ಪಾಳೆ ಬಂತು, ತುಸು ತಡವಾಗಿ. ವಿಧವೆಯ ಕಟ್ಟು ಬಿಚ್ಚಿದರು. ಅವಳು ರಾಣಿಯನ್ನು ಒಮ್ಮೆ ನೋಡಿ, ಬಂದ ದಾರಿಯಲ್ಲೇ ಊರಿಗೆ ನಡೆದಳು.

ರಾಜ ಮಾತಿಗೆ ತಪ್ಪಲಿಲ್ಲ. ರಾಣಿಯನ್ನು ದೂರದ ಒಂದು ಅರಮನೆಗೆ ಕಳಿಸಿದ. ಅಲ್ಲಿ ಕಸೂತಿಗೆ ಬೇಕಾದಷ್ಟು ದಾರ ಇತ್ತು. ಚರಿತ್ರೆ ಬರೆಯುವ ಸನ್ಯಾಸಿಗಳು, ಅವಳು ಹರೆಯದಲ್ಲಿ ಕರುಣಾಮಯಿಯಾಗಿದ್ದಳು, ಆಮೇಲೆ ಹಟಮಾರಿಯಾದಳು ಎಂದು ಬರೆದರು. ಸತ್ತಾಗ ಅವಳಿಗೆ ಒಳ್ಳೆಯ ಗೋರಿ ಕಟ್ಟಿದರು. ಗೋರಿಯ ಮೇಲಿನ ಕಲ್ಲಿನ ರಾಣಿ ಮಲಗಿದ್ದಾಳೆ. ಮಂಡಿಯೂರಿದಂತೆ ಕೆತ್ತಲು ಯಾರೂ ಒಪ್ಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡವೆಯ್ಯನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಅವಳು ಸೋತಳಲ್ಲವೇ, ಗುರುಗಳೇ? ಒಬ್ಬಳನ್ನು ಉಳಿಸಲು ಹೋಗಿ ಇದ್ದ ಪ್ರಭಾವವನ್ನೆಲ್ಲ ಕಳೆದುಕೊಂಡಳು. ಆಮೇಲೆ ಅವಳನ್ನು ಯಾರೂ ಕರೆಯಲೇ ಇಲ್ಲ."

"ನಿಜ," ಎಂದರು ಗುರುಗಳು. "ನಿನ್ನನ್ನು ಇನ್ನೂ ಕರೆಯುತ್ತಾರೆ."