ಮಲಕಪ್ಪ ಕಿತ್ತ ಹಳದಿ ಎಲೆ

ಭೀಮಾ ನದಿಯ ದಂಡೆಯ ಒಂದು ಊರಿನಲ್ಲಿ ಮಲಕಪ್ಪ ಎಂಬ ತೋಟಗಾರನಿದ್ದ. ಅವನ ಮೋಸಂಬಿ ತೋಟಕ್ಕೆ ಆ ಸೀಮೆಯಲ್ಲೆಲ್ಲ ಹೆಸರಿತ್ತು. ತೋಟದ ಅಂಚಿನಲ್ಲಿ, ಬದುವಿಗೆ ಹತ್ತಿರವಾಗಿ, ಅವನು ಪ್ರಾಯದಲ್ಲಿ ನೆಟ್ಟ ಒಂದು ತಾಯಿಗಿಡವಿತ್ತು. ಅದರ ಹಣ್ಣು ಸುಲಿದರೆ ಮೊಣಕೈವರೆಗೂ ರಸ ಇಳಿಯುತ್ತಿತ್ತು. ಹೊಸದಾಗಿ ಮೋಸಂಬಿ ಹಚ್ಚುವವರು ಅವನಲ್ಲಿಗೆ ಬಂದು, ಆ ಗಿಡದ ಟೊಂಗೆಯಿಂದಲೇ ಕಸಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮಲಕಪ್ಪನ ಕೈ ತಾಗಿದ ಗಿಡ ಸಾಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ಕೇಳಿ ಕೇಳಿ ಅವನೂ ಅದನ್ನು ನಂಬಿದ್ದ.

ಬದುವಿನ ಆಚೆ ಚಾಂದಬಿಯ ತೋಟ. ಗಂಡ ತೀರಿಕೊಂಡ ಮೇಲೆ ಜೋಳದ ಹೊಲವನ್ನು ಒಬ್ಬಳೇ ನಿಂತು ತೋಟ ಮಾಡಿದವಳು ಅವಳು. ಅವಳ ಮೋಸಂಬಿ ಗಿಡಗಳೆಲ್ಲ ಮಲಕಪ್ಪನ ತಾಯಿಗಿಡದ ಮರಿಗಳು. ಗುಂಡಿ ಎಷ್ಟು ಆಳ ತೋಡಬೇಕು, ನೀರು ಯಾವಾಗ ನಿಲ್ಲಿಸಬೇಕು, ಯಾವ ಟೊಂಗೆ ಸವರಬೇಕು ಎಂಬುದನ್ನೆಲ್ಲ ಅವನೇ ಹೇಳಿಕೊಟ್ಟಿದ್ದ. ಅವನನ್ನು ಅವಳು ಕಾಕಾ ಎಂದು ಕರೆಯುತ್ತಿದ್ದಳು. ಬರುವ ಹಂಗಾಮಿಗೆ ಅವಳ ಗಿಡಗಳು ಮೊದಲ ಫಲ ಕೊಡುವುದರಲ್ಲಿದ್ದವು.

ಹೀಗಿರುವಾಗ ಒಂದು ಬೆಳಿಗ್ಗೆ ಮಲಕಪ್ಪ ತಾಯಿಗಿಡದ ಒಂದು ಟೊಂಗೆಯಲ್ಲಿ ಹಳದಿ ಎಲೆ ಕಂಡ. ನೀರು ಹೆಚ್ಚಾದರೆ, ಗೊಬ್ಬರ ಕಡಿಮೆಯಾದರೆ ಎಲೆ ಹಳದಿಯಾಗುವುದುಂಟು. ಆದರೆ ಇದು ಹಾಗಿರಲಿಲ್ಲ. ಎಲೆಯ ನಡುವಿನ ನರದ ಒಂದು ಬದಿಗೆ ಒಂದು ತರಹ, ಇನ್ನೊಂದು ಬದಿಗೆ ಇನ್ನೊಂದು ತರಹ, ಎಲ್ಲೆಂದರಲ್ಲಿ ಹಳದಿ ಮಚ್ಚೆ ಬಿದ್ದಿತ್ತು. ಕೆಳಗಿನ ಟೊಂಗೆಯ ಒಂದು ಕಾಯಿ ಸೊಟ್ಟಗಾಗಿತ್ತು. ಪ್ರಾಯದಲ್ಲಿ ಅವನು ಬೇರೆ ಊರಿನಲ್ಲಿ ಇಂಥ ಎಲೆ ನೋಡಿದ್ದ. ಅಲ್ಲಿಯ ತೋಟ ಆಮೇಲೆ ಪೂರ್ತಿ ಒಣಗಿ ಹೋಗಿತ್ತು. ಹಾಗಾಗಿ ಇದೇನೆಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು.

ಹೆಂಡತಿ ಗುರುಬಾಯಿ ಹಿಂದಿನಿಂದ ಬಂದು ಕೇಳಿದಳು: “ಏನಾಗೈತಿ ಅದಕ್ಕ?”

“ಏನಿಲ್ಲ, ನೀರು ಹೆಚ್ಚಾಗೈತಿ” ಎಂದ ಮಲಕಪ್ಪ.

ಅಂದಿನಿಂದ ಅವನು ಬೆಳಕು ಹರಿಯುವ ಹೊತ್ತಿಗೇ ತೋಟಕ್ಕೆ ಹೋಗತೊಡಗಿದ. ಚಾಂದಬಿ ಬರುವುದರೊಳಗೆ ಹಳದಿ ಎಲೆಗಳನ್ನೆಲ್ಲ ಕಿತ್ತು, ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಸ್ನಾನದ ನೀರಿನ ಒಲೆಗೆ ಹಾಕುತ್ತಿದ್ದ. ಒಣಗಿದ ಟೊಂಗೆ ಸವರಿದ. ಬುಡಕ್ಕೆ ಕುರಿಗೊಬ್ಬರ, ಬೇವಿನ ಹಿಂಡಿ ಹಾಕಿ ಧಾರಾಳವಾಗಿ ನೀರುಣಿಸಿದ. ಗಿಡ ಅಕಾಲದಲ್ಲಿ ಚಿಗುರಿತು. ಎಳೆ ಚಿಗುರು ನೋಡಿ, ತನ್ನ ಕೈಯ ಮೇಲೆ ಅವನಿಗೆ ಮತ್ತೆ ಭರವಸೆ ಬಂತು.

ಆ ಚಿಗುರಿನ ಮೇಲೆ ಎಳ್ಳುಕಾಳಿನಷ್ಟು ಬೂದುಬಣ್ಣದ ಹುಳಗಳು ಬಂದು ಕೂತವು. ತಲೆ ತಗ್ಗಿಸಿ, ಹಿಂಬದಿ ಮೇಲೆತ್ತಿ ಕೂರುವ ಹುಳಗಳು. ಕೈ ಬೀಸಿದರೆ ಜಿಗಿದು ಬದುವಿನ ಆಚೆ ಹಾರುತ್ತಿದ್ದವು. ಹೋದವಲ್ಲ ಎಂದು ಮಲಕಪ್ಪ ಸುಮ್ಮನಾಗುತ್ತಿದ್ದ.

ಕಸಿ ಕೇಳಿ ಬಂದವರಿಗೆ ಮಾತ್ರ ಅವನು ಆ ವರ್ಷ ಕೊಡಲಿಲ್ಲ. ಕೈ ನೋವು, ಮುಂದಿನ ವರ್ಷ ನೋಡೋಣ ಎಂದು ಕಳಿಸಿದ. ಗುರುಬಾಯಿ ಇದನ್ನು ಗಮನಿಸಿದಳು. ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು: “ಕೈ ನೋಯೂ ಮನಶ್ಯಾ ಗೊಬ್ಬರದ ಬುಟ್ಟಿ ಹೊರತಾನೇನು? ಗಿಡಕ್ಕ ರೋಗ ಬಂದೈತಿ. ನಿಮಗೂ ಗೊತ್ತೈತಿ. ಚಾಂದಬಿಗೆ ಒಂದು ಮಾತು ಹೇಳ್ರಿ.”

“ಅಕಿಗೆ ಹೇಳಿದರ ಊರಿಗೆ ಹೇಳಿದಂಗ” ಎಂದ ಮಲಕಪ್ಪ. “ಮಲಕಪ್ಪನ ತಾಯಿಗಿಡಕ್ಕ ರೋಗ ಅಂದರ ನಾ ಯಾರ ಮುಂದ ನಿಲ್ಲಲಿ? ನಾ ಅದನ್ನ ಆರಾಮ ಮಾಡತೀನಿ. ಆಮ್ಯಾಲೆ ಹೇಳೂ ಪ್ರಸಂಗನ ಬರೂದಿಲ್ಲ.”

ಗುರುಬಾಯಿ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಂದಿನಿಂದ ಚಾಂದಬಿ ಬದುವಿನ ಮೇಲೆ ಕಂಡರೆ ಅವಳು ಬೇರೆ ದಾರಿ ಹಿಡಿದು ಮನೆಗೆ ಬರುತ್ತಿದ್ದಳು.

ಹಣ್ಣಿನ ಹಂಗಾಮು ಬಂತು. ಚಾಂದಬಿಯ ತೋಟದಲ್ಲಿ ಬದುವಿನ ಪಕ್ಕದ ಸಾಲಿನ ಗಿಡಗಳು ಹಳದಿಯಾದವು. ಕಾಯಿ ಸಣ್ಣಗೆ, ಸೊಟ್ಟಗೆ ಉಳಿದು ಉದುರತೊಡಗಿದವು. ಒಂದನ್ನು ಕೊಯ್ದು ತಿಂದರೆ ಬಾಯೆಲ್ಲ ಕಹಿ. ಅವಳು ಹೆದರಿ ತೋಟಗಾರಿಕೆಯ ಕಾಲೇಜಿನಿಂದ ಅನಸೂಯಾ ಎಂಬ ಸಸ್ಯರೋಗದ ತಜ್ಞೆಯನ್ನು ಕರೆಸಿದಳು. ಪಕ್ಕದಲ್ಲಿ ಇರಲೆಂದು ಮಲಕಪ್ಪನನ್ನೂ ಕರೆದಳು. ಅವನು ಬರದಿರಲು ಆಗಲಿಲ್ಲ.

ಅನಸೂಯಾ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಚಿಗುರನ್ನು ಬಗ್ಗಿಸಿ ಆ ಬೂದು ಹುಳವನ್ನು ತೋರಿಸಿದಳು.

“ರೋಗ ತರೋದು ಇದೇ ಹುಳ” ಎಂದಳು. “ರೋಗ ಹತ್ತಿದ ಗಿಡದ ಎಲೆಯಿಂದ ಒಂದು ವಾಸನೆ ಹೊರಡುತ್ತೆ. ನಮ್ಮ ಮೂಗಿಗೆ ಅದು ಸಿಗಲ್ಲ, ಈ ಹುಳಕ್ಕೆ ಸಿಗುತ್ತೆ. ಒಳ್ಳೆ ಗಿಡ ಬಿಟ್ಟು ಮೊದಲು ಅಲ್ಲಿಗೇ ಹೋಗುತ್ತೆ. ಆದರೆ ರೋಗದ ಗಿಡದ ರಸದಲ್ಲಿ ಸತ್ವ ಇರಲ್ಲ, ಹುಳದ ಹೊಟ್ಟೆ ತುಂಬಲ್ಲ. ಅದಕ್ಕೇ ಅಲ್ಲಿಂದ ಎದ್ದು ಪಕ್ಕದ ಆರೋಗ್ಯದ ಗಿಡಕ್ಕೆ ಹಾರುತ್ತೆ. ಹೋಗುವಾಗ ರೋಗಾಣುವನ್ನೂ ಒಯ್ಯುತ್ತೆ.”

“ಅಂದರ ಹುಳಾನ್ನ ಕರಿಯೂದೂ ಆ ಗಿಡನ, ಅಟ್ಟೂದೂ ಆ ಗಿಡನ” ಎಂದಳು ಚಾಂದಬಿ.

“ಹೌದು. ಕರೆಸೋದೂ ಓಡಿಸೋದೂ ಗಿಡದೊಳಗಿನ ರೋಗಾಣುವಿನ ಕೆಲಸ. ಕೆಲವರು ಗೊತ್ತಿಲ್ಲದೆ ಅದಕ್ಕೆ ಇನ್ನಷ್ಟು ಸಹಾಯ ಮಾಡ್ತಾರೆ. ಹಳದಿ ಎಲೆ ಕಿತ್ತು, ಗೊಬ್ಬರ ಸುರೀತಾರೆ. ಗಿಡ ಎಳೆ ಚಿಗುರು ಬಿಡುತ್ತೆ. ಈ ಹುಳ ಮೊಟ್ಟೆ ಇಡೋದು ಎಳೆ ಚಿಗುರಿನಲ್ಲೇ.”

ಮಲಕಪ್ಪ ನೆಲ ನೋಡುತ್ತ ನಿಂತಿದ್ದ. ಅವನು ಕಸಿ ಕೊಡದೆ ರೋಗವನ್ನು ತಡೆದೆನೆಂದುಕೊಂಡಿದ್ದ. ಅವನು ಕೊಡದಿದ್ದುದನ್ನು ಹುಳ ಕೊಟ್ಟುಬಂದಿತ್ತು.

“ಹೊರಗಿಂದ ಗಿಡ ಏನಾದರೂ ತಂದಿದ್ರಾ?” ಎಂದು ಅನಸೂಯಾ ಕೇಳಿದಳು.

ಚಾಂದಬಿಯ ಮುಖ ಸಪ್ಪಗಾಯಿತು. “ಸಂತಿಯಾಗ ಒಂದು ನಿಂಬಿ ಗಿಡ ತಂದಿದ್ದೆರಿ. ಹೊರಗಿನ ಗಿಡ ತರಬ್ಯಾಡ ಅಂತ ಕಾಕಾ ಹೇಳಿದ್ದರು. ನಾನ ಕೇಳಲಿಲ್ಲ.”

“ಪಕ್ಕದ ತೋಟ ಹೇಗಿದೆ?”

“ಅದು ಕಾಕಾಂದು. ಅಲ್ಲೆ ಹುಡುಕಿದರೂ ಒಂದು ಹಳದಿ ಎಲಿ ಸಿಗೂದಿಲ್ಲರಿ.”

ಅನಸೂಯಾ ಮಲಕಪ್ಪನ ಕಡೆ ತಿರುಗಿದಳು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸಂತೆಯ ಗಿಡವೇ ಇರಬಹುದು, ರೋಗದ ಗಿಡಗಳನ್ನು ಬೇಗ ತೆಗೆಸಿ ಎಂದು ಹೇಳಿ ಅನಸೂಯಾ ಹೊರಟಳು.

ಚಾಂದಬಿ ಅಂದೇ ಆ ನಿಂಬೆ ಗಿಡವನ್ನು ಕಿತ್ತೆಸೆದಳು. ಮರುದಿನ ಬದುವಿನ ಸಾಲಿಗೆ ಕೊಡಲಿ ಬಿತ್ತು. ಮಲಕಪ್ಪ ತನ್ನ ತೋಟದಿಂದ ಆ ಸಪ್ಪಳ ಕೇಳುತ್ತಿದ್ದ. ನಡುನಡುವೆ ಚಾಂದಬಿ ಆಳುಗಳಿಗೆ ಹೇಳುವುದೂ ಕೇಳಿಸುತ್ತಿತ್ತು: “ನನ್ನ ಕೈಲೇನ ಹಾಳು ಮಾಡಕೊಂಡೆ. ದೊಡ್ಡವರ ಮಾತು ಕೇಳಬೇಕಿತ್ತು.”

ಅವನಿಗೆ ನಿಲ್ಲಲಾಗಲಿಲ್ಲ. ಮನೆಗೆ ಬಂದ. ಗುರುಬಾಯಿ ಅವನ ಮುಂದೆ ನೀರಿನ ತಂಬಿಗೆ ಇಟ್ಟು ಹೇಳಿದಳು: “ಗಿಡಾ ಆರಾಮ ಆಗಲಿಲ್ಲ. ಇನ್ನರ ಹೇಳತೀರೇನು?”

ಅವನು ನೀರು ಕುಡಿಯದೆ ಎದ್ದು ಬದು ದಾಟಿದ. ಕೊಡಲಿ ಹಿಡಿದವರು ಕೈ ನಿಲ್ಲಿಸಿದರು.

“ನಿಂಬಿ ಗಿಡದ್ದು ತಪ್ಪಿಲ್ಲವ್ವಾ” ಎಂದ. “ನಿಂದೂ ತಪ್ಪಿಲ್ಲ. ರೋಗ ಮೊದಲ ಬಂದದ್ದು ನನ್ನ ತಾಯಿಗಿಡಕ್ಕ. ದಿನಾ ಮುಂಜಾನೆ ಬಂದು ನೀ ನೋಡೂದರಾಗ ಹಳದಿ ಎಲಿ ಕೀಳತಿದ್ದೆ.”

ಚಾಂದಬಿ ಕಡಿದು ಬಿದ್ದ ಟೊಂಗೆಗಳನ್ನು ನೋಡಿದಳು. ಆಮೇಲೆ, ದನಿ ಏರಿಸದೆ ಕೇಳಿದಳು: “ಮೊದಲನೇ ಎಲಿ ಕಂಡಾಗ ಹೇಳಿದ್ದರ ನಾ ಬೈತಿದ್ದೆನೇನು ಕಾಕಾ?”

“ಇಲ್ಲ.”

“ಮತ್ತ?”

ಮಲಕಪ್ಪ ಬಗ್ಗಿ, ಕಡಿದು ಬಿದ್ದ ಒಂದು ಟೊಂಗೆಯನ್ನು ಬದಿಗೆ ಎಳೆದಿಟ್ಟ.

“ಗಿಡಾ ಹೋದದ್ದಕ್ಕ ನಂಗ ಸಿಟ್ಟಿಲ್ಲ” ಎಂದಳು ಚಾಂದಬಿ. “ರೋಗ ಯಾರ ಗಿಡಕ್ಕರ ಬರತೈತಿ. ಆದರ ನಿನ್ನೆ ನಾ ನನ್ನನ್ನ ಬೈಕೊಳ್ಳಾಕ ಹತ್ತಿದ್ದೆ. ನೀವು ಎದುರಿಗೇ ನಿಂತು ಕೇಳಿದ್ರಿ. ಅದು ನಂಗ ಮರಿಯೂದಿಲ್ಲ.”

ಮಲಕಪ್ಪ ಅವಳ ಆಳುಗಳ ನೆರವು ಕೇಳಲಿಲ್ಲ. ತನ್ನ ಕೊಡಲಿಯಿಂದ ತಾನೇ ತಾಯಿಗಿಡವನ್ನು ಕಡಿದು, ಬೇರುಸಹಿತ ಅಗೆದು ಸುಟ್ಟ. ಆಮೇಲೆ ತನ್ನಿಂದ ಕಸಿ ಒಯ್ದವರ ಊರುಗಳಿಗೆ ಒಂದೊಂದಾಗಿ ಹೋದ. ನಡೆದದ್ದನ್ನು ಹೇಳಿ, ನಿಮ್ಮ ಗಿಡಗಳನ್ನು ಪರೀಕ್ಷೆ ಮಾಡಿಸಿ ಎಂದ. ಕೆಲವರು ಚಹಾ ಕೊಟ್ಟರು. ಕೆಲವರು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದರು. ಎರಡು ತೋಟಗಳಲ್ಲಿ ರೋಗ ಆಗಲೇ ಕಾಲಿಟ್ಟಿತ್ತು. ಬೇಗ ಗೊತ್ತಾದದ್ದರಿಂದ ಉಳಿದ ಗಿಡಗಳು ಬದುಕಿದವು. ಚಾಂದಬಿಯ ತೋಟದಲ್ಲೂ ಹಿಂದಿನ ಸಾಲುಗಳು ಉಳಿದು, ಮುಂದಿನ ಹಂಗಾಮಿಗೆ ಫಲ ಕೊಟ್ಟವು.

ಅವಳು ಮಲಕಪ್ಪನ ಜೊತೆ ಮಾತು ಬಿಡಲಿಲ್ಲ. ಈಗಲೂ ಕಾಕಾ ಎಂದೇ ಕರೆಯುತ್ತಿದ್ದಳು. ನೀರಿನ ಬಗ್ಗೆ, ಗೊಬ್ಬರದ ಬಗ್ಗೆ ಅವನು ಏನಾದರೂ ಹೇಳಿದರೆ ತಲೆಯಾಡಿಸಿ ಕೇಳುತ್ತಿದ್ದಳು. ಆಮೇಲೆ ಅದನ್ನೇ ಇನ್ನೊಬ್ಬರ ಬಳಿ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಮಲಕಪ್ಪನಿಗೆ ಅದು ಗೊತ್ತಿತ್ತು.

ನೀತಿ: ರೋಗ ಬಂದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಮ್ಮ ಹೆಸರು ಕೆಡುತ್ತದೆಂದು ಅದನ್ನು ಮುಚ್ಚಿಟ್ಟರೆ, ನಮ್ಮನ್ನು ನಂಬಿದವರ ಮನೆಗೇ ಅದು ಮೊದಲು ಹೋಗುತ್ತದೆ. ತಪ್ಪನ್ನು ತಡವಾಗಿ ಒಪ್ಪಿಕೊಂಡರೂ ಉಳಿಸಿಕೊಳ್ಳುವಂಥದ್ದು ಬಹಳವಿರುತ್ತದೆ. ಆದರೆ ಕಳೆದುಕೊಂಡ ನಂಬಿಕೆಯನ್ನು ಹೊಸದಾಗಿಯೇ ನೆಟ್ಟು ಬೆಳೆಸಬೇಕು.